ಚಳಿಯ ಮೇಲಿನ ಅಪವಾದ

ಬೆಳಗ್ಗೆ ಹಿತ್ತಲಿಗೆ ಹೋದರೆ ರೋಸ್‌ಮೆರಿ ಕುಂಡಕ್ಕೆ ಗೋಣಿಚೀಲ ಹೊದಿಸಿದೆ! "ಮಂಜು ಬೀಳ್ತಿತ್ತು ಕಣತ್ತೆ, ಸತ್ತೋಯ್ತದೆ ಅಂತ ನಾನೇ ಮುಚ್ದೆ" ಅಂದಳು ಸೊಸೆ. ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ಹೇಳಿದವರು ಹಿಮ ಬೀಳುವ ಊರಿನವರು. ಚೀಲ ತೆಗೆದುಹಾಕಿದೆ, ಕಾಫಿ ಮುಗಿದರೂ ಸಿಟ್ಟು ಇಳಿಯಲಿಲ್ಲ. ನಮ್ಮ ಚಳಿಯ ಮೇಲೆ ಇಂಥ ಅಪವಾದ ಹೊರಿಸಿದರೆ ನನಗೆ ಸಹಿಸದು.

ಶೆಟ್ಟಿಹಳ್ಳಿಯ ಪುಷ್ಯಮಾಸದ ಚಳಿ ಎಂದರೆ ಎಷ್ಟು? ರಾತ್ರಿ ಹೆಚ್ಚುಕಡಿಮೆ 12–14 ಡಿಗ್ರಿ. ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿಳಿದರೂ ತಡೆಯುವ ಗಿಡ ಅದು, ಮೆಡಿಟರೇನಿಯನ್ ಕಡಲ ದಂಡೆಯ ಕಲ್ಲುನೆಲದ್ದು. ಒಂದು ಎಲೆ ಕಿತ್ತು ತಿರುಗಿಸಿ ನೋಡಿ: ಸೂಜಿಯಷ್ಟು ಸಪೂರ, ಎರಡೂ ಅಂಚು ಒಳಕ್ಕೆ ಮಡಚಿಕೊಂಡಿದೆ, ಅಡಿಯಲ್ಲಿ ಬಿಳಿಯ ನವಿರು ರೋಮ. ನೀರು ಆರಿಹೋಗದಂತೆ ಮಾಡಿಕೊಂಡ ಏರ್ಪಾಡು ಅದು. ಅದಕ್ಕೆ ಬೇಕಾದ್ದು ಬಿಸಿಲು, ಗಾಳಿ. ಗಾಳಿಯಾಡದಂತೆ ಮುಚ್ಚಿಟ್ಟರೆ ಬೂದಿರೋಗ ಹತ್ತುತ್ತದೆ.

ಇಲ್ಲಿ ಅದನ್ನು ಕೊಲ್ಲುವುದು ಆಷಾಢ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ನಮ್ಮ ರೋಸರಿ ಚರ್ಚು ಹೇಮಾವತಿಯ ಹಿನ್ನೀರಲ್ಲಿ ಅರ್ಧ ಮುಳುಗುವ ಹೊತ್ತಿಗೆ, ಕುಂಡದ ಕೆಂಪು ಮಣ್ಣೂ ನೀರು ಕುಡಿದು ಕೂತಿರುತ್ತದೆ. ಬೇರು ಕೊಳೆಯುತ್ತದೆ. ಬೇರು ಹೋದ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಒಣಗಿದ್ದು ತಿಳಿಯುವಷ್ಟರಲ್ಲಿ ಚಳಿ ಶುರುವಾಗಿರುತ್ತದೆ, ತಪ್ಪೆಲ್ಲ ಅದರ ತಲೆಗೆ. ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿಗೆ ಎಳೆಯಿರಿ, ಮಣ್ಣಿಗೆ ಧಾರಾಳವಾಗಿ ಮರಳು ಬೆರೆಸಿ, ಚಳಿಗಾಲದಲ್ಲಿ ಮಣ್ಣು ಮುಟ್ಟಿ ನೋಡಿ ಒಣಗಿದ್ದರಷ್ಟೇ ನೀರು ಹಾಕಿ.

ಟೊರಾಂಟೊದಲ್ಲಿರುವ ತಂಗಿಯ ಪಾಡು ಬೇರೆ. ಅಲ್ಲಿ ಕುಂಡದ ಮಣ್ಣೇ ಹೆಪ್ಪುಗಟ್ಟುತ್ತದೆ, ಒಳಗೆ ತರಲೇಬೇಕು. ತಂದರೂ ಹೀಟರಿನ ಪಕ್ಕ ಇಡಬಾರದು. ಬಿಸಿಲು ಬೀಳುವ, ತಣ್ಣಗಿರುವ ಕಿಟಕಿಯೇ ಸರಿ.

ನಿಜವಾಗಿ ಚಳಿಯನ್ನೇ ಕಾದು ಬರುವ ಗಿಡ ನಮ್ಮ ದವನ. ಈಗ ಮನೆಮನೆಯಲ್ಲೂ ರೋಸ್‌ಮೆರಿ ಇದೆ, ದವನ ಬಿತ್ತುವವರಿಲ್ಲ, ನನ್ನ ಸಂಕಟ ಇದೇ. ಬೀಜವನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ, ಮರಳಿನ ಜೊತೆ ಕಲೆಸಿ ಚೆಲ್ಲಬೇಕು; ಇಲ್ಲದಿದ್ದರೆ ಆ ಸಣ್ಣ ಬೀಜ ಒಂದೇ ಕಡೆ ಬೀಳುತ್ತದೆ. ಬೆಳಗಿನ ಇಬ್ಬನಿ, ಹಗಲಿನ ಚುರುಕು ಬಿಸಿಲು ಸಿಕ್ಕರೆ ಸಾಕು, ಬೂದುಬಣ್ಣದ ಸೀಳೆಲೆ ಪೊದೆಯಾಗಿ ಫೆಬ್ರವರಿ–ಮಾರ್ಚಿಗೆ ಹೂ ಕಟ್ಟುತ್ತದೆ. ಕನಕಾಂಬರದ ಜೊತೆ ಒಂದೆಳೆ ಸೇರಿಸಿ ಮುಡಿದವರಿಗೆ ಗೊತ್ತು ಅದರ ಘಮ. ಇದರ ಎಣ್ಣೆಯನ್ನು ಹೊರದೇಶದ ಅತ್ತರಿನವರು ಕೊಳ್ಳುತ್ತಾರೆ. ಒಬ್ಬೊಬ್ಬರ ಮೈಮೇಲೆ ಒಂದೊಂದು ಪರಿಮಳ ಬೀರುತ್ತದೆ ಅನ್ನುವ ಹೆಸರು ಅದಕ್ಕಿದೆ. ನಮ್ಮತ್ತೆ ಮುಡಿದಾಗ ಹಣ್ಣಿನ ವಾಸನೆ, ನಾನು ಮುಡಿದರೆ ಕೊಂಚ ಕಹಿ.

ಹೋದ ಚೈತ್ರದಲ್ಲಿ ಉಳಿಸಿದ ಬೀಜ ಒಂದು ಡಬ್ಬಿಯಲ್ಲಿದೆ. ಹಳತಾದರೆ ಸರಿಯಾಗಿ ಮೊಳೆಯುವುದಿಲ್ಲ, ಬೇಕಾದವರು ಈ ವಾರವೇ ಬಂದು ಒಯ್ಯಿರಿ.