ಗಾಳಿಯ ಕೃಪೆ

ಮಳೆಗೆ ಹೆದರುವವರು ನಮ್ಮಲ್ಲಿ ಬಹುಮಂದಿ. ನೆನೆದರೆ ನೆಗಡಿಯಾದೀತೆಂದು ಹೆದರುವವರುಂಟು. ಹೊಳೆ ಉಕ್ಕೀತೆಂದು ಹೆದರುವವರುಂಟು. ಆದರೆ ಹನಿ ತಲೆಗೆ ಬಡಿದು ಗಾಯವಾದೀತೆಂದು ಹೆದರಿದವರನ್ನು ಮಾತ್ರ ನಾನು ಕಂಡಿಲ್ಲ. ಮಲೆನಾಡಿನ ಮಳೆಯನ್ನು ನೋಡುತ್ತಲೇ ಅರವತ್ತು ದಾಟಿದ ನನಗೆ ಈ ನಿರ್ಭಯವೇ ಒಂದು ಸೋಜಿಗವಾಗಿ ತೋರುತ್ತದೆ.

ಲೆಕ್ಕ ಹಾಕಿ ನೋಡಿ. ಭೂಮಿಯ ಸೆಳೆತಕ್ಕೆ ಒಳಗಾಗಿ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತ ಹೋಗುತ್ತದೆ. ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಹೊರಟ ಹನಿ ಯಾವ ತಡೆಯೂ ಇಲ್ಲದೆ ಇಳಿದರೆ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್! ಅಂಥ ಮಳೆಯಲ್ಲಿ ಕೊಡೆಯೇ ಉಳಿಯದು. ಭತ್ತದ ಸಸಿಯ ಪಾಡನ್ನು ಕೇಳುವುದೇ ಬೇಡ. ನಿಜದಲ್ಲಾದರೋ, 5 ಮಿಲಿಮೀಟರ್ ದಪ್ಪದ ದೊಡ್ಡ ಹನಿಯ ವೇಗವೂ ಸೆಕೆಂಡಿಗೆ ಸುಮಾರು 9 ಮೀಟರ್, ಅಂದರೆ ಗಂಟೆಗೆ 32 ಕಿಲೋಮೀಟರ್ ಮಾತ್ರ. ತುಂತುರು ಹನಿ ಇನ್ನೂ ಮೆಲ್ಲಗೆ ಇಳಿಯುತ್ತದೆ.

ಇದು ಗಾಳಿಯ ಕೃಪೆ. ಬೀಳುವ ವಸ್ತು ಗಾಳಿಯನ್ನು ಸರಿಸಿಕೊಂಡೇ ದಾರಿ ಮಾಡಿಕೊಳ್ಳಬೇಕು. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಒಂದು ಹಂತದಲ್ಲಿ ಈ ತಡೆ ವಸ್ತುವಿನ ತೂಕಕ್ಕೆ ಸಮನಾಗುತ್ತದೆ. ಆಗ ಕೆಳಗೆಳೆಯುವ ಬಲವೂ ಮೇಲೊತ್ತುವ ಬಲವೂ ಸರಿದೂಗಿ, ವಸ್ತು ಅಲ್ಲಿಂದಾಚೆಗೆ ಒಂದೇ ವೇಗದಲ್ಲಿ ಇಳಿಯುತ್ತದೆ. ಇದನ್ನು ಶಾಸ್ತ್ರಜ್ಞರು ‘ಅಂತಿಮ ವೇಗ’ ಎನ್ನುತ್ತಾರೆ.

ಗಾಳಿಯಿಲ್ಲದ ಕಡೆ ಈ ರಕ್ಷಣೆಯೂ ಇಲ್ಲ. 1971ರಲ್ಲಿ ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆಯನ್ನೂ ಒಂದು ಹಕ್ಕಿಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ತೇಲಿಸುವ ಗಾಳಿಯಿಲ್ಲದೆ ಗರಿಯೂ ಸುತ್ತಿಗೆಯಂತೆಯೇ ಬಿದ್ದಿತು.

ಇಲ್ಲಿಯಾದರೂ ಗಾಳಿಯ ಕೃಪೆ ಎಲ್ಲರಿಗೂ ಸಮನಲ್ಲ. ಅಡಕೆಮರದ ತುದಿಯಿಂದ ಉದುರಿದ ಇರುವೆ ಏನೂ ಆಗದಂತೆ ನಡೆದುಹೋಗುತ್ತದೆ. ನಮ್ಮೂರಿನ ಕೊನೆಗಾರನೊಬ್ಬ ಅಂಥದೇ ಮರದಿಂದ ಜಾರಿದವನು ಮತ್ತೆ ಏಳಲಿಲ್ಲ. ಕಾರಣ ಇಷ್ಟೆ: ಮೈಯ ಉದ್ದಗಲ ದಪ್ಪಗಳು ಹತ್ತು ಪಟ್ಟಾದರೆ ಗಾಳಿಗೆ ಒಡ್ಡಿದ ಹರಹು ನೂರು ಪಟ್ಟಾಗುತ್ತದೆ, ತೂಕವಾದರೋ ಸಾವಿರ ಪಟ್ಟಾಗುತ್ತದೆ. ದೊಡ್ಡ ಮೈಗೆ ಗಾಳಿ ಆಸರೆಯಾಗಬೇಕಾದರೆ ವೇಗ ಬಹಳ ಏರಬೇಕು. ಮೈಚಾಚಿ ಬೀಳುವ ಮನುಷ್ಯನ ಅಂತಿಮ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಹನ್ನೆರಡು ಮೀಟರ್ ಎತ್ತರದಿಂದ ಜಾರಿದವನು ಒಂದೂವರೆ ಸೆಕೆಂಡಿನಲ್ಲಿ, ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತಾನೆ. ಅಷ್ಟರೊಳಗೆ ಗಾಳಿಯ ತಡೆ ಅವನ ತೂಕದ ಹತ್ತನೆಯ ಒಂದು ಭಾಗದಷ್ಟೂ ಬೆಳೆದಿರುವುದಿಲ್ಲ.

ವಿಮಾನದಿಂದ ಧುಮುಕುವವನಿಗೆ ಪ್ಯಾರಾಚೂಟ್ ಉಂಟು. ಅದು ತನ್ನ ಅಗಲವಾದ ಹರಹಿನಿಂದ ಗಾಳಿಯ ತಡೆಯನ್ನು ಹೆಚ್ಚಿಸಿ ಅವನನ್ನು ಮೆಲ್ಲಗೆ ಇಳಿಸುತ್ತದೆ. ಆದರೆ ಅದು ಬಿಚ್ಚಿಕೊಳ್ಳಲು ಬೇಕಾದ ಎತ್ತರ ಅಡಕೆಮರಕ್ಕೆಲ್ಲಿಯದು? ಮಳೆಹನಿಯನ್ನೂ ಇರುವೆಯನ್ನೂ ಪ್ರಕೃತಿಯೇ ಕಾಯುತ್ತದೆ. ಮರವೇರುವ ಮನುಷ್ಯನನ್ನು ಮನುಷ್ಯರೇ ಕಾಯಬೇಕು. ನೆಲದ ಮೇಲೆ ನಿಂತೇ ಉದ್ದನೆಯ ದೋಟಿಯಿಂದ ಕೊನೆ ಇಳಿಸುವವರು ಈಗ ನಮ್ಮ ಕಡೆಯ ತೋಟಗಳಲ್ಲಿ ಕಾಣುತ್ತಾರೆ. ಅವರನ್ನು ಕಂಡಾಗಲೆಲ್ಲ ನನ್ನ ಮನಸ್ಸು ಹಗುರಾಗುತ್ತದೆ.