ಹಾಗಲವಾಡಿ: ನಮ್ಮ ತವರೂರಿನ ಭೂಗೋಳವೂ ಚರಿತ್ರೆಯೂ

ಭೂಗೋಳವನ್ನು ಕಲಿಯತಕ್ಕವರು ಮೊದಲು ತಮ್ಮ ಮನೆಯ ಸುತ್ತಲಿನ ನೆಲವನ್ನು ಅರಿತು, ಅನಂತರ ದೂರದೇಶಗಳಿಗೆ ಹೋಗತಕ್ಕದ್ದೆಂಬುದು ಸ್ವಿಟ್ಜರ್ಲೆಂಡಿನ ಶಿಕ್ಷಣವೇತ್ತನಾದ ಪೆಸ್ಟಲೋಜಿಯ (1746–1827) ಮತವಾಗಿತ್ತು. ಇವರ್ಡನ್ ಎಂಬ ಊರಿನಲ್ಲಿದ್ದ ಆತನ ಶಾಲೆಯ ಮಕ್ಕಳು ನೆರೆಯ ಕಣಿವೆಯನ್ನು ಕಾಲ್ನಡೆಯಿಂದ ಸುತ್ತಿ ನೋಡಿ, ಅಲ್ಲಿಯ ಜೇಡಿಮಣ್ಣನ್ನೇ ತಂದು, ಆ ಕಣಿವೆಯ ಆಕಾರವನ್ನು ಮೇಜಿನ ಮೇಲೆ ರಚಿಸುತ್ತಿದ್ದರು. ನಕ್ಷೆಯನ್ನು ಅವರಿಗೆ ತೋರಿಸುತ್ತಿದ್ದುದು ಅದಾದ ತರುವಾಯ. ಈ ಕ್ರಮವನ್ನನುಸರಿಸಿ ನಮ್ಮ ತವರೂರಾದ ಹಾಗಲವಾಡಿಯ ವಿಷಯವಾಗಿ ನಾಲ್ಕು ಮಾತುಗಳನ್ನು ಸೋದರಿಯರ ಮುಂದಿಡಲು ಇಚ್ಛಿಸುವೆವು.

ಹಾಗಲವಾಡಿಯು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ಒಂದು ಹೋಬಳಿಯ ಮುಖ್ಯಗ್ರಾಮ. ಗುಬ್ಬಿಯಿಂದ ಚೇಳೂರಿನ ಮಾರ್ಗವಾಗಿ ವಾಯವ್ಯಕ್ಕೆ ಸಾಗಿದರೆ ಇಲ್ಲಿಗೆ ಬರಬಹುದು. ತಾಲ್ಲೂಕಿನ ದಕ್ಷಿಣಭಾಗವು ಶಿಂಷಾ ನದಿಯಿಂದಲೂ ಕಡಬದ ದೊಡ್ಡ ಕೆರೆಯಿಂದಲೂ ತಂಪಾದುದು. ಅಡಕೆ ತೆಂಗುಗಳ ತೋಟಗಳು ಅಲ್ಲಿ ಹೇರಳ. ನಮ್ಮ ಸೀಮೆಯಾದರೋ ಎತ್ತರದ್ದು, ಮಳೆಯನ್ನು ನಂಬಿದುದು. ರಾಗಿ, ಹುರುಳಿ, ಅವರೆಗಳೇ ಹೊಲದ ಪೈರುಗಳು. ಕೆರೆಯ ಹಿಂದಿನ ನೆಲದಲ್ಲಿ ಮಾತ್ರ ತೆಂಗು ನಿಂತೀತು. ಪಶ್ಚಿಮಕ್ಕೆ ಚಿಕ್ಕನಾಯಕನಹಳ್ಳಿಯ ಕಡೆಯ ಗುಡ್ಡಸಾಲುಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳುಂಟು. ಈ ಅದಿರನ್ನು ಅಗೆಯುವ ಭರಾಟೆ ಮಿತಿಮೀರಲು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು ಜಿಲ್ಲೆಯಲ್ಲಿಯೂ ಗಣಿಗಾರಿಕೆಯನ್ನು ತಡೆಯಬೇಕಾಯಿತು.

ರೈನ್ ಮತ್ತು ರೋನ್ ಎಂಬ ಮಹಾನದಿಗಳೆರಡೂ ಸ್ವಿಟ್ಜರ್ಲೆಂಡಿನ ಗೊಥಾರ್ಡ್ ಪರ್ವತಸೀಮೆಯಲ್ಲಿ ಹುಟ್ಟಿ, ಒಂದು ಉತ್ತರಸಮುದ್ರಕ್ಕೂ ಮತ್ತೊಂದು ಮೆಡಿಟರೇನಿಯನ್ ಸಮುದ್ರಕ್ಕೂ ಹೋಗುವುವೆಂದು ಶಾಲೆಯಲ್ಲಿ ನಾವೆಲ್ಲರೂ ಓದಿರುವೆವು. ಇಂತಹುದೇ ಸೋಜಿಗವು ನಮ್ಮ ಜಿಲ್ಲೆಯಲ್ಲಿಯೂ ಉಂಟು. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆಯು ದಕ್ಷಿಣಕ್ಕೆ ತಿರುಗಿ ಕಾವೇರಿಯನ್ನು ಸೇರುವಳು. ಅಲ್ಲಿಯೇ ಹುಟ್ಟುವ ಜಯಮಂಗಲಿಯು ಉತ್ತರಕ್ಕೆ ಹರಿದು ಉತ್ತರಪಿನಾಕಿನಿಯಲ್ಲಿ ಲಯವಾಗುವಳು. ಜಿಲ್ಲೆಯ ಪಶ್ಚಿಮದ ಸುವರ್ಣಮುಖಿಯ ನೀರು ವೇದಾವತಿಯ ಮೂಲಕ ಕೃಷ್ಣೆಯ ಪಾಲಾಗುವುದು. ಹೀಗೆ ಮೂರು ನದಿಗಳಿಗೆ ನೀರನ್ನು ಹಂಚಿಕೊಡುವ ನಾಡಿನಲ್ಲಿ ನಿಂತ ನೀರು ಕಡಮೆ. ಆದುದರಿಂದಲೇ ನಮ್ಮ ಹಿರಿಯರು ಊರೂರಿಗೂ ಕೆರೆಗಳನ್ನು ಕಟ್ಟಿದರು.

ಇನ್ನು ಚರಿತ್ರೆಯ ಮಾತು. ಇಂದು ನಕ್ಷೆಯಲ್ಲಿ ಚುಕ್ಕೆಯಂತಿರುವ ಈ ಊರು ಒಂದು ಕಾಲದಲ್ಲಿ ಪಾಳೆಯಪಟ್ಟಿನ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ತಲೆಯೆತ್ತಿದ ಹಾಗಲವಾಡಿಯ ನಾಯಕರು ಸುತ್ತಲಿನ ಸೀಮೆಯನ್ನಾಳಿದರು. ಚಿಕ್ಕನಾಯಕನಹಳ್ಳಿಯು ಇವರಲ್ಲೊಬ್ಬನಾದ ಚಿಕ್ಕನಾಯಕನ ಹೆಸರನ್ನೇ ಹೊತ್ತಿರುವುದು. ಬಿಜಾಪುರದವರು ಬಂದರು, 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಸುಬೆಯ ಮುಖ್ಯಸ್ಥಳವನ್ನಾಗಿ ಮಾಡಿಕೊಂಡರು, ಬಳಿಕ ಮರಾಠರು, ಹೈದರನು, ಟಿಪ್ಪುವು. ಈ ಪ್ರಬಲರ ನಡುವೆ ನಾಯಕರ ಅಧಿಕಾರವು ಕರಗಿಹೋಯಿತು. 1791ರಲ್ಲಿ ಮರಾಠ ಸೇನಾನಿಯಾದ ಪರಶುರಾಮಭಾವುವು ಶ್ರೀರಂಗಪಟ್ಟಣಕ್ಕೆ ಹೋಗುವಾಗ ಚಿಕ್ಕನಾಯಕನಹಳ್ಳಿಯನ್ನು ಸುಲಿಗೆಮಾಡಿದನು. 1880ರ ದಶಕದಲ್ಲಿ ಹಾಕಿದ ಬೆಂಗಳೂರು–ಹರಿಹರ ರೈಲುದಾರಿಯು ಗುಬ್ಬಿ, ನಿಟ್ಟೂರು, ತಿಪಟೂರುಗಳ ಮೇಲೆ ಹಾದುಹೋಯಿತು; ಹಳೆಯ ರಾಜಧಾನಿಯು ಉತ್ತರಕ್ಕೆ ಒಂಟಿಯಾಗಿ ಉಳಿಯಿತು.

ಪುಸ್ತಕಗಳ ಚರಿತ್ರೆಯು ಹೀಗಿದ್ದರೆ, ನಮ್ಮ ಅಜ್ಜಿಯ ಚರಿತ್ರೆಯೇ ಬೇರೆಯಾಗಿತ್ತು. ಅವರಿಗೆ ಇಸವಿಗಳು ತಿಳಿಯವು. ಕೆರೆಯು ಕೋಡಿಬಿದ್ದ ವರ್ಷ, ತಳ ಕಂಡ ವರ್ಷ, ಬಾವಿಗೆ ಎರಡು ಹಗ್ಗಗಳನ್ನು ಕೂಡಿಸಿ ಕೊಡವನ್ನಿಳಿಸಿದ ವರ್ಷ, ಇವೇ ಅವರ ಕಾಲಮಾನ. ಮಕ್ಕಳ ಹುಟ್ಟು, ಮದುವೆ, ಸಾವುಗಳೆಲ್ಲವೂ ಈ ಲೆಕ್ಕಕ್ಕೆ ಹೊಂದಿಕೊಂಡಿದ್ದುವು. ನಾಯಕರ ಏಳುಬೀಳುಗಳಿಗಿಂತಲೂ ಈ ಲೆಕ್ಕವೇ ಊರಿನ ನಿಜವಾದ ಚರಿತ್ರೆಯೆಂದು ನಮಗೆ ತೋರುವುದು; ಏಕೆಂದರೆ ನೀರಿನ ಪ್ರಶ್ನೆಯು ಮುಗಿದ ಕಥೆಯಲ್ಲ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಗಿ, ಅದರ ನಾಲೆಯು ನಮ್ಮ ಜಿಲ್ಲೆಗೂ ಬಂದಿತು. ಆದರೆ ನಾಲೆಯ ನೀರು ತಾನಾಗಿ ಎತ್ತರಕ್ಕೆ ಏರದು, ಯಂತ್ರಗಳಿಂದ ಎತ್ತಬೇಕು. ಹಾಗಲವಾಡಿಯ ಕೆರೆಗೆ ಹೇಮಾವತಿಯನ್ನು ತರಬೇಕೆಂಬ ಮೊರೆಯು ಬಹುಕಾಲದ್ದು.

ಇಲ್ಲಿ ಸೋದರಿಯರು ವಿಚಾರಮಾಡತಕ್ಕ ಸಂಗತಿಯೊಂದಿದೆ. ಸ್ವಿಟ್ಜರ್ಲೆಂಡಿನ ಪ್ರತಿಯೊಬ್ಬ ಪ್ರಜೆಗೂ ಒಂದು ಮೂಲಗ್ರಾಮವುಂಟು. ಆತನು ಆ ಗ್ರಾಮವನ್ನು ಕಣ್ಣಾರೆ ಕಾಣದಿದ್ದರೂ, ರಹದಾರಿ ಪತ್ರದಲ್ಲಿ ಜನ್ಮಸ್ಥಳದ ಬದಲಾಗಿ ಅದರ ಹೆಸರೇ ಬರೆದಿರುವುದು. ಆದರೆ ಬಹುಕಾಲ ಅಲ್ಲಿಯ ಹೆಣ್ಣುಮಗಳು ಮದುವೆಯಾದೊಡನೆ ತನ್ನ ಗ್ರಾಮವನ್ನು ಕಳೆದುಕೊಂಡು ಪತಿಯ ಗ್ರಾಮಕ್ಕೆ ಸೇರುತ್ತಿದ್ದಳು. 1988ರಲ್ಲಿ ಜಾರಿಗೆ ಬಂದ ಕಾನೂನಿನಿಂದ ಆಕೆಯ ಊರು ಆಕೆಗೆ ಉಳಿಯಿತು. 2013ರಿಂದ ದಂಪತಿಗಳಿಬ್ಬರೂ ತಂತಮ್ಮ ಊರುಗಳನ್ನೇ ಉಳಿಸಿಕೊಳ್ಳುವರು. ನಮ್ಮ ನಾಡಿನಲ್ಲಿಯೂ ಊರಿನ ಹೆಸರಿನ ಮೊದಲಕ್ಷರವನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಳ್ಳುವ ವಾಡಿಕೆಯುಂಟು. ಗಂಡುಮಕ್ಕಳ ಹೆಸರಿನೊಡನೆ ಅದು ಕಡೆಯವರೆಗೂ ನಿಲ್ಲುವುದು. ನಮ್ಮಲ್ಲಿ ಅನೇಕರ ಹೆಸರಿನಿಂದ ಅದು ಮದುವೆಯ ಚಪ್ಪರದಲ್ಲಿಯೇ ಅಳಿಸಿಹೋಗಿರುವುದು. ತವರೆಂಬುದು ಹಬ್ಬಕ್ಕೆ ಹೋಗಿಬರುವ ಮನೆಯಾಗಿ ಉಳಿಯುವುದು. ತಾಯ್ತಂದೆಗಳ ಕಾಲಾನಂತರ ಅದೂ ಇಲ್ಲ. ಅದರೊಡನೆಯೇ, ಅಜ್ಜಿಯರಿಂದ ನಾವು ಕೇಳಿದ ಕೆರೆ, ತೋಪು, ಹೊಲಗಳ ಹೆಸರುಗಳೂ ಮುಂದಿನವರಿಗೆ ದಾಟದೆ ನಿಂತುಬಿಡುವುವು. ನೀರು ಹೊತ್ತವರು ಹೆಂಗಸರು. ನೀರಿನ ನೆನಪನ್ನು ಹೊತ್ತವರೂ ಅವರೇ. ಆ ನೆನಪನ್ನು ಬರೆದಿಟ್ಟವರು ಮಾತ್ರ ವಿರಳ.

ಆದಕಾರಣ ನಮ್ಮ ವಿಜ್ಞಾಪನೆಯಿಷ್ಟೆ. ಅಕ್ಷರವನ್ನು ಕಲಿತ ನಾವು ಪ್ರತಿಯೊಬ್ಬರೂ ನಮ್ಮ ತವರೂರಿನ ಮೇಲೆ ಎರಡು ಪುಟಗಳನ್ನಾದರೂ ಬರೆಯೋಣ. ಕೆರೆಯ ಹೆಸರೇನು, ಅದಕ್ಕೆ ನೀರು ಯಾವ ಕಡೆಯಿಂದ ಬರುವುದು, ಕೋಡಿಬಿದ್ದರೆ ಎಲ್ಲಿಗೆ ಹೋಗುವುದು, ಬರ ಬಂದಾಗ ಯಾವ ಬಾವಿಯು ಊರನ್ನು ಕಾಯಿತು ಎಂಬಷ್ಟನ್ನು ಬರೆದರೂ ಸಾಕು. ತಾಯ್ತಂದೆಗಳು ಈ ಪ್ರಶ್ನೆಗಳನ್ನು ತಮ್ಮ ಹೆಣ್ಣುಮಕ್ಕಳ ಕೈಯಿಂದ ಮನೆಯ ಹಿರಿಯ ಮುತ್ತೈದೆಯರಿಗೂ ವಿಧವೆಯರಿಗೂ ಕೇಳಿಸಲಿ. ಉತ್ತರ ಹೇಳಬಲ್ಲವರು ವರ್ಷವರ್ಷಕ್ಕೂ ಕಡಮೆಯಾಗುತ್ತಿರುವರು. ಕೇಳುವುದಾದರೆ ಈ ಬೇಸಗೆಯ ರಜೆಯಲ್ಲಿಯೇ ಕೇಳತಕ್ಕದ್ದು.