ಟ್ರಿನಿಡಾಡಿನ ಅಗ್ಗದ ಹೋಟೆಲಿನಲ್ಲಿ ನಾಲ್ಕು ವಾರ

ಕೆರಿಬಿಯನ್ ಅಂದ ಕೂಡಲೇ ಎಲ್ಲರ ಕಣ್ಣೆದುರು ಬರುವುದು ನೀಲಿ ಸಮುದ್ರ, ಬಿಳಿ ಮರಳು, ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ಜೋಲಿ. ಆಫೀಸಿನ ಕೆಲಸದ ಮೇಲೆ ನಾಲ್ಕು ವಾರ ಟ್ರಿನಿಡಾಡಿಗೆ ಹೊರಟಿದ್ದೇನೆ ಅಂದಾಗ ಚೆನ್ನೈನ ನಮ್ಮ ಕನ್ನಡ ಬಳಗದವರೆಲ್ಲ "ಭಾಗ್ಯವಂತ ಕಣಯ್ಯ ನೀನು" ಅಂದರು. ಪೋರ್ಟ್ ಆಫ್ ಸ್ಪೇನ್‌ನಲ್ಲಿ ನನ್ನ ಕೋಣೆಯ ಕಿಟಕಿಯಿಂದ ಕಂಡದ್ದು ಮಾತ್ರ ಪಕ್ಕದ ಕಟ್ಟಡದ ಕಪ್ಪು ನೀರಿನ ಟ್ಯಾಂಕು, ಒಂದು ಟೈರ್ ಅಂಗಡಿಯ ತಗಡಿನ ಸೂರು, ಅದರಾಚೆ ಹಸಿರು ಗುಡ್ಡದ ಒಂದು ತುಣುಕು.

ಆಫೀಸಿನವರು ಕೊಡುತ್ತಿದ್ದ ದಿನಭತ್ಯೆಯಲ್ಲೇ ಕೋಣೆ, ಊಟ, ಓಡಾಟ ಎಲ್ಲ ಮುಗಿಯಬೇಕು. ಸಮುದ್ರದ ಕಡೆಯ ದೊಡ್ಡ ಹೋಟೆಲುಗಳಲ್ಲಿ ಒಂದು ರಾತ್ರಿ ಮಲಗಿ ಎದ್ದರೆ ಎರಡು ದಿನದ ಭತ್ಯೆ ಖರ್ಚು. ಹಾಗಾಗಿ ವುಡ್‌ಬ್ರೂಕ್ ಬಡಾವಣೆಯಲ್ಲಿ, ಟ್ರಾಗರೀಟ್ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ, ಹದಿನೆಂಟು ಕೋಣೆಗಳ ಹಳೆಯ ಹೋಟೆಲನ್ನು ಹುಡುಕಿಕೊಂಡೆ. ಅಗ್ಗ ಅಂದೆನಲ್ಲ, ಅದು ಅಲ್ಲಿಯ ಲೆಕ್ಕದಲ್ಲಿ. ಅದೇ ದುಡ್ಡಿಗೆ ಶಿವಮೊಗ್ಗದಲ್ಲಿ ಮದುವೆ ದಿಬ್ಬಣವನ್ನೇ ಒಂದು ರಾತ್ರಿ ಮಲಗಿಸಬಹುದು.

ಗೇಟಿಗೆ ಕಬ್ಬಿಣದ ಗ್ರಿಲ್ಲು. ಬೆಲ್ ಒತ್ತಿದರೆ ಒಳಗಿನವರು ಮುಖ ನೋಡಿ ಗುಂಡಿ ಒತ್ತಬೇಕು, ಆಗ ಬಾಗಿಲು 'ಝುಂಯ್' ಎಂದು ತೆರೆಯುತ್ತದೆ. ಕತ್ತಲಾದ ಮೇಲೆ ಒಬ್ಬರೇ ನಡೆದು ಹೋಗಬೇಡಿ ಎಂದು ಮೊದಲ ದಿನವೇ ಹೇಳಿದರು. ಜನವರಿಯಲ್ಲಿ ಅಲ್ಲಿ ಸಂಜೆ ಆರಕ್ಕೇ ಸೂರ್ಯ ಮುಳುಗುವುದರಿಂದ ಆಫೀಸು ಮುಗಿಸಿ ಬಂದವನಿಗೆ ಹೋಟೆಲೇ ಗತಿ. ಕೋಣೆಯ ಎಸಿ ಲಾರಿಯಂತೆ ಸದ್ದು ಮಾಡುತ್ತಿತ್ತು. ವೈಫೈ ಕೆಳಗಿನ ಹಜಾರದಲ್ಲಿ ಮಾತ್ರ ಸರಿಯಾಗಿ ಸಿಗುತ್ತಿತ್ತು. ಇವೆಲ್ಲ ಕೊರತೆಗಳೇ. ಆದರೆ ಕೋಣೆಯಲ್ಲೇ ವೈಫೈ ಇದ್ದಿದ್ದರೆ ನಾನು ಹಜಾರಕ್ಕೆ ಇಳಿಯುತ್ತಲೇ ಇರಲಿಲ್ಲ, ಈ ಲೇಖನವನ್ನೂ ಬರೆಯುತ್ತಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಅನ್ನಕ್ಕೆ. ನನ್ನ ಹೆಂಡತಿ ಸೂಟ್‌ಕೇಸಿನ ಮೂಲೆಯಲ್ಲಿ ಒಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್, ಎರಡು ಕೆಜಿ ಸೋನಾ ಮಸೂರಿ, ಚಟ್ನಿಪುಡಿ, ಗೊಜ್ಜು ಎಲ್ಲ ತುಂಬಿದ್ದಳು. ಅಮೆರಿಕದ ಮಾದರಿಯ ಪ್ಲಗ್ಗಿಗೆ ಅಡಾಪ್ಟರನ್ನೂ ತಂದಿದ್ದೆ. ಒಂದೂವರೆ ಗಂಟೆ ಕಳೆದರೂ ಅಕ್ಕಿ ಬೆಚ್ಚಗಿನ ನೀರಿನಲ್ಲಿ ಸುಮ್ಮನೆ ನೆನೆಯುತ್ತಿತ್ತು. ಅಲ್ಲಿಯ ಕರೆಂಟು 115 ವೋಲ್ಟ್. ನಮ್ಮ ವೋಲ್ಟೇಜಿನ ಅರ್ಧ. ವೋಲ್ಟೇಜ್ ಅರ್ಧವಾದರೆ ಶಾಖವೂ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎಂ.ಟೆಕ್ ಮಾಡಿದವನಿಗೆ ಇದು ಭಾರತ ಬಿಡುವ ಮೊದಲೇ ಹೊಳೆಯಬೇಕಿತ್ತು. ಮುಂದೆ ಆ ಕಡೆ ಹೋಗುವವರಿಗೆ ಇದೊಂದು ಎಚ್ಚರಿಕೆ: ಮೊಬೈಲ್, ಲ್ಯಾಪ್‌ಟಾಪಿನ ಚಾರ್ಜರ್ ನಡೆಯುತ್ತದೆ, ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ನಡೆಯುವುದಿಲ್ಲ.

ನೆನೆದ ಅಕ್ಕಿಯ ಪಾತ್ರೆ ಹಿಡಿದುಕೊಂಡು ಕೆಳಗೆ ಬಂದೆ. ರಾತ್ರಿ ಪಾಳಿಯಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದವರು ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಆಂಟಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಮ್ಮ ಕಡೆಯ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೂ ಹೊರಗಿನವರು ಅನ್ನಿಸದ ಮುಖ. ಅವರು ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳದೆ ಹಿಂದಿನ ಅಡುಗೆಮನೆಗೆ ಒಯ್ದು ಗ್ಯಾಸಿನ ಮೇಲಿಟ್ಟರು.

"ಹತ್ತು ನಿಮಿಷ ಕೂತ್ಕೊಳ್ಳಿ. ದಾಲ್ ಇದೆ, ಚುಂಕೇ ಮಾಡಿಕೊಡ್ತೀನಿ" ಅಂದರು ಇಂಗ್ಲಿಷಿನಲ್ಲಿ.

ಚುಂಕೇ ಅಂದರೆ ಏನಿರಬಹುದು ಎಂದು ಯೋಚಿಸುವಷ್ಟರಲ್ಲಿ ಕಾದ ಎಣ್ಣೆಗೆ ಜೀರಿಗೆ, ಬೆಳ್ಳುಳ್ಳಿ ಬಿದ್ದ ಸದ್ದು ಕೇಳಿತು. ಒಗ್ಗರಣೆ! ಹಿಂದಿಯ ಛೌಂಕ್ ಎಂಬ ಪದ ಅಲ್ಲಿಯ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ಕೂತಿತ್ತು. ಆಮೇಲೆ ಆ ಅಡುಗೆಮನೆಯಲ್ಲಿ ಒಂದೊಂದೇ ಪದ ಸಿಗುತ್ತಾ ಹೋಯಿತು. ಲಟ್ಟಣಿಗೆಗೆ ಬೇಲ್ನಾ, ಕಾವಲಿಗೆ ತವಾ, ಕುಂಬಳಕಾಯಿ ಪಲ್ಯಕ್ಕೆ ಪಂಪ್‌ಕಿನ್ ತಲ್ಕಾರಿ. ಅಪ್ಪನ ತಂದೆ-ತಾಯಿಗೆ ಅಲ್ಲಿ ಆಜಾ, ಆಜೀ ಅನ್ನುತ್ತಾರೆ. "ನಮ್ಮಲ್ಲೂ ಅಜ್ಜ, ಅಜ್ಜಿ ಅಂತಲೇ" ಅಂದೆ. ಆಂಟಿ ಸೌಟು ಹಿಡಿದುಕೊಂಡೇ ತಿರುಗಿ ನೋಡಿದರು. "ಹಾಗಾದರೆ ನೀವು ನಮ್ಮವರೇ."

ನಮ್ಮವರು ಅಲ್ಲಿಗೆ ಹೋದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬ್ರಿಟಿಷರು ಗುಲಾಮಗಿರಿಯನ್ನು ರದ್ದು ಮಾಡಿದ ಮೇಲೆ ಕಬ್ಬಿನ ತೋಟಗಳಿಗೆ ಕಡಿಮೆ ಕೂಲಿಯ ಆಳುಗಳು ಬೇಕಾದರು. ಕಲ್ಕತ್ತಾದಿಂದ ಹೊರಟ ಫತೇಲ್ ರಜಾಕ್ ಎಂಬ ಹಡಗು 1845ರ ಮೇ 30ರಂದು ಟ್ರಿನಿಡಾಡ್ ಮುಟ್ಟಿತು. ಅಂದಿನಿಂದ 1917ರವರೆಗೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಜನ ಕರಾರಿನ ಕೂಲಿಗಳಾಗಿ ಹೋದರು. ಹೆಚ್ಚಿನವರು ಇಂದಿನ ಬಿಹಾರ, ಉತ್ತರ ಪ್ರದೇಶದ ಕಡೆಯವರು. ಕೆಲವು ಹಡಗುಗಳು ಮದ್ರಾಸಿನಿಂದಲೂ ಹೋದವು. ಮೇ 30 ಈಗ ಅಲ್ಲಿ ಸರ್ಕಾರಿ ರಜಾ ದಿನ.

ಚೆನ್ನೈನಿಂದ ಬಂದವನು ಎಂದು ತಿಳಿದು ಆಂಟಿ ಒಂದು ಭಾನುವಾರ ಬೆಳಗ್ಗೆ ನನ್ನನ್ನು ಸೇಂಟ್ ಜೇಮ್ಸ್ ಕಡೆಗೆ ಅಟ್ಟಿದರು. ಹೋಟೆಲಿನಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ನಿಮಿಷದ ನಡಿಗೆ. ಹಳದಿ ಪಟ್ಟಿಯ ಮ್ಯಾಕ್ಸಿ ಟ್ಯಾಕ್ಸಿಗಳೂ ಹೋಗುತ್ತವೆ, ನಮ್ಮ ಮಿನಿ ಬಸ್ಸುಗಳ ಹಾಗೆ. ಹಿಂದೆ ಕಬ್ಬಿನ ತೋಟವಾಗಿದ್ದ ಜಾಗ ಅದು. ಒಂದರ ಪಕ್ಕ ಒಂದು ಬೀದಿಫಲಕಗಳು: ಕಲ್ಕತ್ತಾ ಸ್ಟ್ರೀಟ್, ಬಾಂಬೆ ಸ್ಟ್ರೀಟ್, ದೆಲ್ಲಿ ಸ್ಟ್ರೀಟ್, ಮದ್ರಾಸ್ ಸ್ಟ್ರೀಟ್. ನೇಪಾಲ್ ಸ್ಟ್ರೀಟಿನ 26ನೇ ನಂಬರಿನ ಮನೆ ವಿ.ಎಸ್. ನೈಪಾಲರ ಕುಟುಂಬ ಬದುಕಿದ ಮನೆ. ಸ್ವಂತ ಸೂರಿಗಾಗಿ ಜೀವಮಾನವಿಡೀ ಒದ್ದಾಡುವ ಅವರ ಮಿಸ್ಟರ್ ಬಿಸ್ವಾಸನ ಕಾದಂಬರಿಯ ಮೂಲ ಆ ಮನೆಯಲ್ಲಿದೆ. ಪೆರುಂಬಾಕ್ಕಂ ಫ್ಲ್ಯಾಟಿನ ಸಾಲದ ಕಂತು ಕಟ್ಟುತ್ತಿರುವ ನನಗೆ ಆ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸಿತು.

ಅಲ್ಲೇ ರಸ್ತೆ ಬದಿಯಲ್ಲಿ ಡಬಲ್ಸ್ ತಿಂದೆ. ಎರಡು ಮೆತ್ತನೆಯ ಬಾರಾಗಳ ಮೇಲೆ ಕಡಲೆಕಾಳಿನ ಸಾರು, ಹುಣಸೆ ಚಟ್ನಿ, ಮಾವಿನಕಾಯಿಯ ಕುಚೇಲಾ. ಖಾರ ಎಷ್ಟು ಎಂದು ಕೇಳಿದರೆ "ಸ್ಲೈಟ್" ಅನ್ನಿ, ಜಂಬ ಬೇಡ. ಅದೇ ಗಾಡಿಯಲ್ಲಿ ಸಹೀನಾ ಎಂಬ ಇನ್ನೊಂದು ತಿಂಡಿ. ಕೆಸುವಿನ ಎಲೆಗೆ ಬೇಳೆಹಿಟ್ಟು ಹಚ್ಚಿ, ಸುತ್ತಿ, ಕತ್ತರಿಸಿ ಕರಿದದ್ದು. ಮೊದಲ ತುತ್ತಿಗೇ ಅಮ್ಮ ಮಾಡುವ ಪತ್ರೊಡೆ ನೆನಪಾಯಿತು. ನಾವು ಹಬೆಯಲ್ಲಿ ಬೇಯಿಸುತ್ತೇವೆ, ಅವರು ಕರಿಯುತ್ತಾರೆ, ಅಷ್ಟೇ. ಸಸ್ಯಾಹಾರಿಗಳು ಟ್ರಿನಿಡಾಡಿನಲ್ಲಿ ಉಪವಾಸ ಬೀಳುವುದಿಲ್ಲ. ದಾಲ್‌ಪೂರಿ, ಕುಂಬಳಕಾಯಿ, ಬೋಡಿ ಎನ್ನುವ ಅಲಸಂದೆಕಾಯಿ, ಎಲ್ಲ ಸಿಗುತ್ತದೆ. ಕಲಲೂ ಎಂಬ ಕೆಸುವಿನೆಲೆಯ ಗೊಜ್ಜಿನಲ್ಲಿ ಏಡಿ ಇದೆಯೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ವಾಪಸು ಬಂದು "ಮದ್ರಾಸ್ ಸ್ಟ್ರೀಟಿನಲ್ಲಿ ಈಗ ತಮಿಳು ಮಾತಾಡುವವರು ಇದ್ದಾರಾ?" ಎಂದು ಆಂಟಿಯನ್ನು ಕೇಳಿದೆ. ಅವರಿಗೆ ನಗು ಬಂತು. "ತಮಿಳು ಯಾರಿಗೆ ಗೊತ್ತು? ನಮ್ಮ ಆಜೀ ಕಾಲದಲ್ಲೇ ಹೋಗಿತ್ತಂತೆ. ಮದ್ರಾಸಿಗಳೂ ನಮ್ಮ ಭೋಜಪುರಿ ಕಲಿತರು. ಆಮೇಲೆ ನಾವೆಲ್ಲ ಇಂಗ್ಲಿಷ್ ಕಲಿತೆವು."

ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಕಾರಣ ಹೇಳುತ್ತೇನೆ. ನನ್ನ ಮಗಳಿಗೆ ಒಂಬತ್ತು ವರ್ಷ. ಹುಟ್ಟಿದ್ದು, ಬೆಳೆದದ್ದು ಚೆನ್ನೈನಲ್ಲಿ. ಗೆಳತಿಯರ ಜೊತೆ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಅವಳಲ್ಲೂ ಕನ್ನಡ ಇದೆ. ಅಜ್ಜ, ಅಜ್ಜಿ, ಅಕ್ಕಿರೊಟ್ಟಿ, ಚಟ್ನಿಪುಡಿ, ಸೌಟು, ಒಗ್ಗರಣೆ. ನಾವು ಆಡಿದ್ದು ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಭದ್ರಾವತಿಯಿಂದ ಅಪ್ಪ ಫೋನ್ ಮಾಡಿದರೆ "ಹೂಂ ಅಜ್ಜ, ಹೂಂ ಅಜ್ಜ" ಎಂದು ಎರಡು ಸಲ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟು ಓಡುತ್ತಾಳೆ. "ಮನೆಯಲ್ಲಿ ಕನ್ನಡ ಇದೆಯಲ್ಲ, ತಾನಾಗೇ ಬರುತ್ತೆ" ಎಂದು ನಾನು ಬಳಗದ ಸಭೆಯಲ್ಲಿ ಧೈರ್ಯವಾಗಿ ಹೇಳುತ್ತಿದ್ದೆ. ಆಂಟಿಯ ಅಡುಗೆಮನೆಯಲ್ಲೂ ಪದಗಳು ಇದ್ದವು. ಬೇಲ್ನಾ ಇತ್ತು, ತವಾ ಇತ್ತು, ಆಜೀ ಇದ್ದರು. ಒಂದನ್ನು ಇನ್ನೊಂದಕ್ಕೆ ಸೇರಿಸುವ ವಾಕ್ಯ ಇರಲಿಲ್ಲ.

ಒಂದೇ ಒಂದು ವಾಕ್ಯ ಇತ್ತು ಎಂದು ಮೂರನೇ ವಾರದಲ್ಲಿ ತಿಳಿಯಿತು. ಆಗ ಕಾರ್ನಿವಲ್ಲಿನ ಸಿದ್ಧತೆ ಜೋರಾಗಿತ್ತು. ಟ್ರಾಗರೀಟ್ ರಸ್ತೆಯಲ್ಲಿ ಇನ್‌ವೇಡರ್ಸ್ ತಂಡದ ಸ್ಟೀಲ್‌ಪ್ಯಾನ್ ಅಂಗಳವಿದೆ. ಎಣ್ಣೆಯ ಪೀಪಾಯಿಗಳ ತಲೆಯನ್ನು ಬಡಿದು ಬಡಿದು ಸ್ವರ ಹೊರಡಿಸುವ ಈ ವಾದ್ಯ ಹುಟ್ಟಿದ್ದೇ ಟ್ರಿನಿಡಾಡಿನಲ್ಲಿ. ಪನೋರಮಾ ಸ್ಪರ್ಧೆಗೆ ರಾತ್ರಿ ಬಹಳ ಹೊತ್ತಿನ ತನಕ ಅಭ್ಯಾಸ. ಮೊದಲ ವಾರ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದೆ. ಮೂರನೇ ವಾರಕ್ಕೆ ಹಜಾರದ ಬಾಗಿಲು ತೆರೆದು ಕೇಳುತ್ತಾ ಕೂರುವಷ್ಟು ಪಳಗಿದ್ದೆ. ಆಂಟಿ ಎದ್ದು ಬಂದು ಬಾಗಿಲು ಮುಚ್ಚುತ್ತಾ ಬಾಯಲ್ಲಿ ಏನೋ ಗುನುಗಿದರು.

"ಏನದು?" ಎಂದೆ.

"ನಮ್ಮ ಆಜೀ ಪ್ರತಿ ಸಂಜೆ ಹೇಳುತ್ತಿದ್ದ ಪ್ರಾರ್ಥನೆ. ದೀಪ ಹಚ್ಚುವ ಹೊತ್ತಿಗೆ, ಬಾಗಿಲ ಹತ್ತಿರ ನಿಂತು. ಅರ್ಥ ಗೊತ್ತಿಲ್ಲ. ನನಗೆ ಏಳು ವರ್ಷ ಇದ್ದಾಗ ತೀರಿಹೋದರು."

ಮತ್ತೊಮ್ಮೆ ಹೇಳಿಸಿದೆ. ಸವೆದುಹೋದ ನಾಣ್ಯದ ಹಾಗಿತ್ತು ಆ ಮಾತು. ನನ್ನ ಅರೆಬರೆ ಹಿಂದಿಗೆ ಒಂದು ಪದ ಮಾತ್ರ ಸಿಕ್ಕಿತು, ಅದೂ ಅನುಮಾನವೇ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಚೆನ್ನೈ ಆಫೀಸಿನಲ್ಲಿರುವ ಬಿಹಾರದ ಸಹೋದ್ಯೋಗಿಗೆ ಕಳಿಸಿದೆ. ಬೆಳಗ್ಗೆ ಏಳುವಷ್ಟರಲ್ಲಿ ಉತ್ತರ ಬಂದಿತ್ತು. ನಗುವ ನಾಲ್ಕು ಮುಖಗಳು, ಆಮೇಲೆ: "ಬಾಗಿಲು ಹಾಕು, ಸೊಳ್ಳೆ ಬರುತ್ತೆ. ನಮ್ಮ ಅಜ್ಜಿ ಈಗಲೂ ದಿನಾ ಇದನ್ನೇ ಹೇಳ್ತಾರೆ. ಯಾರದು?"

ಹೇಳಲೋ ಬೇಡವೋ ಎಂದು ಇಡೀ ದಿನ ಆಫೀಸಿನಲ್ಲಿ ಯೋಚಿಸಿದೆ. ಐವತ್ತು ವರ್ಷ ಪ್ರಾರ್ಥನೆಯಾಗಿ ಕಾಪಾಡಿಕೊಂಡದ್ದನ್ನು ಸೊಳ್ಳೆಯ ಮಾತು ಅನ್ನುವುದು ಹೇಗೆ? ಆದರೆ ಅದು ಅವರ ಅಜ್ಜಿಯ ಮಾತು, ನನ್ನದಲ್ಲ. ರಾತ್ರಿ ಹೇಳಿಬಿಟ್ಟೆ. ಆಂಟಿ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕೌಂಟರಿನ ಮೇಲೆ ತಲೆ ಇಟ್ಟು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ. "ಅಂದರೆ ಅವರು ನನ್ನ ಹತ್ತಿರ ಮಾತಾಡುತ್ತಿದ್ದರು" ಅಂದರು. "ದೇವರ ಹತ್ತಿರ ಅಂದುಕೊಂಡಿದ್ದೆ."

ಕಾರ್ನಿವಲ್ ವಾರಕ್ಕೆ ಅದೇ ಕೋಣೆಯ ಬಾಡಿಗೆ ಮೂರು ಪಟ್ಟು ಆಗುತ್ತದೆ. ಅದಕ್ಕೂ ಮೊದಲೇ ನನ್ನ ಕೆಲಸ ಮುಗಿದದ್ದು ಜೇಬಿಗೆ ಒಳ್ಳೆಯದಾಯಿತು. ಹೊರಡುವ ಹಿಂದಿನ ದಿನ, ಗುರುವಾರ, ಕ್ವೀನ್ಸ್ ಪಾರ್ಕ್ ಓವಲ್ಲಿಗೆ ಹೋದೆ. ಹೋಟೆಲಿಗೆ ಅಷ್ಟು ಹತ್ತಿರವಿದ್ದರೂ ಕೊನೆಯ ದಿನದವರೆಗೆ ಹೋಗಿರಲಿಲ್ಲ. ಅದು ಅಪ್ಪ ವಹಿಸಿದ್ದ ಕೆಲಸ. 1976ರ ಏಪ್ರಿಲ್‌ನಲ್ಲಿ ಭಾರತ ಅಲ್ಲಿ 403 ರನ್‌ಗಳ ಗುರಿ ಬೆನ್ನಟ್ಟಿ ಗೆದ್ದಿತು. ಗಾವಸ್ಕರ್ 102, ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 112, ಕೊನೆಯಲ್ಲಿ ಬ್ರಿಜೇಶ್ ಪಟೇಲ್ ಔಟಾಗದೆ 49. ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್‌ಗೆ ಆರು ವಿಕೆಟ್. 2003ರವರೆಗೆ ಟೆಸ್ಟ್ ಕ್ರಿಕೆಟ್ಟಿನಲ್ಲಿ ಗೆಲ್ಲಲು ನಾಲ್ಕನೇ ಇನಿಂಗ್ಸ್‌ನಲ್ಲಿ ಅದಕ್ಕಿಂತ ಹೆಚ್ಚು ರನ್ ಯಾರೂ ಹೊಡೆದಿರಲಿಲ್ಲ. ಪೇಪರಿನಲ್ಲಿ ಅದನ್ನು ಓದಿದ ದಿನ ಕಬ್ಬಿಣದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಏನಾಯಿತು ಎಂಬುದನ್ನು ಅಪ್ಪ ನನಗೆ ನೂರು ಸಲ ಹೇಳಿದ್ದಾರೆ. ಕಾವಲುಗಾರ ಐದು ನಿಮಿಷ ಒಳಗೆ ಬಿಟ್ಟ. ಖಾಲಿ ಮೈದಾನ, ಆಚೆ ಗುಡ್ಡಗಳ ಸಾಲು. ಫೋಟೋ ತೆಗೆದೆ.

ರಾತ್ರಿ ಒಂಬತ್ತೂವರೆಗೆ ಹಜಾರದಲ್ಲಿ ಕೂತು ಮನೆಗೆ ಫೋನ್ ಮಾಡಿದೆ. ನಮಗೂ ಅಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಚೆನ್ನೈನಲ್ಲಿ ಶುಕ್ರವಾರ ಬೆಳಗ್ಗೆ ಏಳು. ನಾಲ್ಕು ವಾರದಿಂದ ನಾನು ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದ ಕನ್ನಡ ಒಂದೇ: "ಬೇಗ ಹೊರಡು, ವ್ಯಾನ್ ಬರುತ್ತೆ." ಐವತ್ತು ವರ್ಷದ ಮೇಲೆ ಅವಳಿಗೆ ಉಳಿಯುವುದು ಇದೇನಾ ಅನ್ನಿಸಿತು. ಅಂದು ಅಪ್ಪನನ್ನೂ ಅದೇ ಕರೆಗೆ ಸೇರಿಸಿದೆ. ಇಬ್ಬರಿಗೂ ಓವಲ್ಲಿನ ಫೋಟೋ ಕಳಿಸಿ ನಾನು ಬಾಯಿ ಮುಚ್ಚಿಕೊಂಡೆ. ಅನುವಾದ ಮಾಡಲಿಲ್ಲ. ಸ್ವಲ್ಪ ಹೊತ್ತು ಮೂರೂ ಕಡೆ ಮೌನ.

"ಅಜ್ಜ, ನೀನು ಇಲ್ಲಿ... ಇಲ್ಲಿ ಹೋಗಿದೀಯಾ?" ಎಂದಳು.

"ಇಲ್ಲ ಪುಟ್ಟಿ. ಹೋದವನು ನಮ್ಮೂರಿನ ವಿಶಿ. ನಾನು ಕ್ಯಾಂಟೀನಿನಲ್ಲಿದ್ದೆ. ಏನಾಯ್ತು ಗೊತ್ತಾ?"

"ಏನಾಯ್ತು?"

ಅಪ್ಪ ಶುರು ಮಾಡಿದರು. ನಡುವೆ ಎರಡು ಸಲ "ಅಂದ್ರೆ?" ಎಂದಳು, ಅಪ್ಪ ಬಿಡಿಸಿ ಹೇಳಿದರು. ಕೌಂಟರಿನ ಹಿಂದಿನಿಂದ ಆಂಟಿ ಏನೂ ಅರ್ಥವಾಗದೆ ಕೇಳುತ್ತಾ ಕೂತಿದ್ದರು. ಹೆಂಡತಿ ದೂರದಿಂದ ಕೂಗುತ್ತಿದ್ದಳು. ಅಂದು ವ್ಯಾನ್ ತಪ್ಪಿತು.